ಸರ್ವಿಸ್ ಪಟ್ಟಿಯಲ್ಲಿ ಯಾವುದು ಬೇಕೇ ಬೇಕು, ಯಾವುದನ್ನು ಬಿಡಬಹುದು?

ಮಧ್ಯಮವೇಗ
ಕಾರಿಗೆ ಐದು ವರ್ಷ ತುಂಬಿದೆ, 50,000 ಕಿ.ಮೀ. ದಾಟಿದೆ. ಪೆಟ್ರೋಲ್ ಗಾಡಿ, ಆಟೊಮ್ಯಾಟಿಕ್ ಗೇರ್. ಓಡಿಸುವಾಗ ಒಂದು ತೊಂದರೆಯೂ ಇಲ್ಲ. ಸರ್ವಿಸ್‌ಗೆ ಅಂತ ಬಿಟ್ಟರೆ ಅಡ್ವೈಸರ್ ಉದ್ದದ ಪಟ್ಟಿ ಕಳಿಸಿದ್ದಾರೆ. ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್, ಬ್ರೇಕ್ ಆಯಿಲ್, ಕೂಲಂಟ್, ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿ ಗ್ಯಾಸ್, ಅಲೈನ್‌ಮೆಂಟ್, ಟೈರಿಗೆ ನೈಟ್ರೋಜನ್, ಅಂಡರ್‌ಬಾಡಿ ಕೋಟಿಂಗ್. ಎಲ್ಲ ಮಾಡಿಸಿದರೆ ಗಾಡಿ ಹೊಸದರ ಹಾಗೆ ಆಗುತ್ತದಂತೆ.

ಇದರಲ್ಲಿ ನಿಜವಾಗಿ ಗಾಡಿಗೆ ಬೇಕಾದದ್ದು ಯಾವುದು? ದುಡ್ಡು ಉಳಿಸೋಕೆ ಹೋಗಿ ಎಂಜಿನ್ ಹಾಳು ಮಾಡಿಕೊಳ್ಳೋದು ಬೇಡ. ಸುಮ್ನೆ ಹೇಳಿದ್ದಕ್ಕೆಲ್ಲ ಹೂಂ ಅನ್ನೋದೂ ಬೇಡ. ನಾಳೆ ಬೆಳಿಗ್ಗೆ ಅವರಿಗೆ ಉತ್ತರ ಹೇಳಬೇಕು.

ಕೈಪಿಡಿಓದುಗ
ಗಾಡಿಯ ಜೊತೆ ಬಂದ ಮ್ಯಾನ್ಯುಯಲ್ ತೆಗೆದು ಮೇಂಟೆನೆನ್ಸ್ ಟೇಬಲ್ ನೋಡಿ. ಪ್ರತಿ ಭಾಗದ ಮುಂದೆ ಎಷ್ಟು ಕಿ.ಮೀ., ಎಷ್ಟು ತಿಂಗಳು ಅಂತ ಇರುತ್ತದೆ. ಕೆಲವು ಕಡೆ 'ಬದಲಿಸಿ' ಅಂತ ಇರುತ್ತದೆ, ಕೆಲವು ಕಡೆ 'ಪರೀಕ್ಷಿಸಿ' ಅಂತ ಮಾತ್ರ. ಪರೀಕ್ಷಿಸಿ ಅಂತ ಇದ್ದದ್ದು ಬಿಲ್ಲಿಗೆ ಬರುವಷ್ಟರಲ್ಲಿ ಬದಲಿಸಿ ಆಗಿರುತ್ತದೆ. ಅಲ್ಲೇ ಅರ್ಧ ಪಟ್ಟಿ ಬೆಳೆಯೋದು.

ಲಾಂಗ್‌ಡ್ರೈವ್
ಫ್ಲಶ್, ಇಂಜೆಕ್ಟರ್, ನೈಟ್ರೋಜನ್, ಕೋಟಿಂಗ್ ನಾಲ್ಕೂ ಬೇಡ ಅನ್ನಿ. ಉಳಿದದ್ದು ಮಾಡಿಸಿ. ಮುಗಿಯಿತು.

ಸ್ಪ್ಯಾನರ್‌ಕೈ
ಅಷ್ಟು ಸುಲಭಕ್ಕೆ ಮುಗಿಯೋದಿಲ್ಲ. ಗ್ಯಾರೇಜ್‌ನಲ್ಲಿ ಕೆಲಸ ಮಾಡುವವನು ನಾನು, ನಾನು ನೋಡುವ ರೀತಿ ಹೇಳುತ್ತೇನೆ.

ಕೆಲವು ವಸ್ತು ಒಳಗೊಳಗೇ ಹಾಳಾಗುತ್ತವೆ. ಹೊರಗಿಂದ ಏನೂ ಕಾಣೋದಿಲ್ಲ, ಕೆಟ್ಟ ದಿನವೇ ಗೊತ್ತಾಗೋದು. ಬ್ರೇಕ್ ಆಯಿಲ್, ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಪಿಸ್ಟನ್, ವಾಲ್ವ್ ಎರಡನ್ನೂ ಒಂದೇ ತಾಳಕ್ಕೆ ಓಡಿಸುವ ಹಲ್ಲಿನ ಬೆಲ್ಟ್), ಕೂಲಂಟ್, ಎಂಜಿನ್ ಆಯಿಲ್ ಈ ಜಾತಿಯವು. ಇವನ್ನು ಗಾಡಿ ಚೆನ್ನಾಗಿ ಓಡುತ್ತಿದೆ ಅಂತ ಮುಂದೂಡಲೇಬಾರದು.

ಇನ್ನು ಕೆಲವನ್ನು ಕಣ್ಣಲ್ಲಿ ನೋಡಬಹುದು, ಅಳೆಯಬಹುದು. ಬ್ರೇಕ್ ಪ್ಯಾಡ್, ಟೈರ್, ಏರ್ ಫಿಲ್ಟರ್, ಬ್ಯಾಟರಿ, ವೈಪರ್. ಇವಕ್ಕೆ ಅಳತೆ ಕೇಳಿ. "ಪ್ಯಾಡ್ ಹೋಗಿದೆ" ಅಂದರೆ "ಎಷ್ಟು ಮಿ.ಮೀ. ಉಳಿದಿದೆ?" ಅಂತ ಕೇಳಿ. 3 ಮಿ.ಮೀ. ಹತ್ತಿರ ಬಂದಿದ್ದರೆ ಬದಲಿಸಿ. 6 ಇದ್ದರೆ ಇನ್ನೂ ಓಡುತ್ತದೆ.

ಫ್ಲಶ್, ಕ್ಲೀನಿಂಗ್, ಕೋಟಿಂಗ್, ಟ್ರೀಟ್‌ಮೆಂಟ್ ಅಂತ ಬರುವ ಯಾವುದಕ್ಕೂ ಒಂದೇ ಪ್ರಶ್ನೆ. ಗಾಡಿಯಲ್ಲಿ ಯಾವ ಲಕ್ಷಣ ಕಂಡು ಇದನ್ನು ಹೇಳುತ್ತಿದ್ದೀರಿ? ಲಕ್ಷಣ ಹೇಳಿದರೆ ಯೋಚಿಸಿ. ಹೇಳದಿದ್ದರೆ ಬಿಡಿ.

ಹೊಸಡ್ರೈವರ್
ಬ್ರೇಕ್ ಆಯಿಲ್ ಯಾಕೆ ಬದಲಿಸಬೇಕು? ಕಡಿಮೆ ಆದಾಗ ಸ್ವಲ್ಪ ಹಾಕಿದರೆ ಸಾಕಲ್ವಾ?

ಸ್ಪ್ಯಾನರ್‌ಕೈ
ಸಾಲದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 (DOT 4) ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನೋದು ನಿಯಮ. ಅದರಲ್ಲಿ 3.7% ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಲೇ ಬಂದರೆ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್ ಮೇಲೆ ಒತ್ತುವ ಭಾಗ) ಹತ್ತಿರದ ಆಯಿಲ್ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆ. ಪೆಡಲ್ ತುಳಿದರೆ ಆ ಗುಳ್ಳೆ ಕುಗ್ಗುತ್ತದೆ, ಬ್ರೇಕ್ ಹಿಡಿಯೋದಿಲ್ಲ. ಪೆಡಲ್ ನೆಲಕ್ಕೆ ಹೋಗುತ್ತದೆ. ದಿನಾ ನಿಧಾನಕ್ಕೆ ಓಡಿಸುವಾಗ ಇದರ ಸುಳಿವೇ ಸಿಗೋದಿಲ್ಲ. ಅದಕ್ಕೇ ಬಹಳ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನೋದು, ಕಿ.ಮೀ. ಎಷ್ಟೇ ಆಗಿರಲಿ.

ಇನ್ನೊಂದು ಮಾತು. ಡಬ್ಬಿಯಲ್ಲಿ ಮಟ್ಟ ಇಳಿದಿದ್ದರೆ ಹೆಚ್ಚಾಗಿ ಪ್ಯಾಡ್ ಸವೆದಿರುತ್ತದೆ, ಇಲ್ಲವೇ ಎಲ್ಲೋ ಸೋರುತ್ತಿರುತ್ತದೆ. ಕಾರಣ ನೋಡದೆ ಮೇಲೆ ತುಂಬಿದರೆ ಸೋರಿಕೆ ಮುಚ್ಚಿಹೋಗುತ್ತದೆ. ಸವೆದದ್ದೇ ಕಾರಣ ಆಗಿದ್ದರೆ, ಹೊಸ ಪ್ಯಾಡ್ ಹಾಕುವಾಗ ಕ್ಯಾಲಿಪರಿನ ಪಿಸ್ಟನ್ ಹಿಂದೆ ತಳ್ಳುತ್ತಾರೆ, ಆಯಿಲ್ ಡಬ್ಬಿಯಿಂದ ಉಕ್ಕಿ ಪೇಂಟ್ ಮೇಲೆ ಚೆಲ್ಲುತ್ತದೆ. ಪೇಂಟ್ ಕಿತ್ತು ಬರುತ್ತದೆ.

ಹಳೇಗಾಡಿ
ಟೈಮಿಂಗ್ ಬೆಲ್ಟ್ ಬಗ್ಗೆ ನಾನೂ ಸೇರಿಸುತ್ತೇನೆ. ನಮ್ಮ ಮನೆಗೆ ಬಂದ ಸೆಕೆಂಡ್ ಹ್ಯಾಂಡ್ ಕಾರು, ಎಂಜಿನ್ ಶಬ್ದ ಅಷ್ಟು ನಯವಾಗಿತ್ತು. ಹಿಂದಿನ ಮಾಲೀಕರು ಬೆಲ್ಟ್ ಬದಲಿಸಿದ ದಾಖಲೆ ಇರಲಿಲ್ಲ. ಅದಕ್ಕೇ ಕವರ್ ಬಿಚ್ಚಿಸಿ ನೋಡಿದೆವು. ಬೆಲ್ಟಿನ ಹಲ್ಲುಗಳ ಬುಡದಲ್ಲಿ ಕೂದಲೆಳೆ ಬಿರುಕು ಸಾಲಾಗಿ ಕಂಡವು. ಒಂದು ಅಂಚು ಎಳೆ ಬಿಟ್ಟುಕೊಂಡಿತ್ತು. ಮೆಕ್ಯಾನಿಕ್ ಬೆರಳಲ್ಲಿ ಬಗ್ಗಿಸಿದಾಗ ಒಂದು ಹಲ್ಲು ಅರ್ಧ ಕಿತ್ತು ಬಂತು. ನಮ್ಮದರಂಥ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವಿಗೆ ಹೊಡೆಯುತ್ತದೆ. ವಾಲ್ವ್ ಬಗ್ಗುತ್ತದೆ, ಹೆಡ್ ಬಿಚ್ಚಬೇಕು. ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಹಾಕಿಸಿದೆವು. ಬಿಚ್ಚೋ ಕೆಲಸ ಒಂದೇ ಅಲ್ವಾ.

ಮಧ್ಯಮವೇಗ
ನನ್ನದರಲ್ಲಿ ಬೆಲ್ಟ್ ಬದಲು ಟೈಮಿಂಗ್ ಚೈನ್ ಅಂತೆ. ಹಾಗಾದರೆ ಚಿಂತೆ ಇಲ್ಲ ತಾನೆ?

ಸ್ಪ್ಯಾನರ್‌ಕೈ
ಸಾಮಾನ್ಯವಾಗಿ ಇಂತಿಷ್ಟು ಕಿ.ಮೀ.ಗೆ ಬದಲಿಸಿ ಅಂತ ಇರೋದಿಲ್ಲ. ಆದರೆ ಚೈನ್ ಬದುಕೋದೇ ಎಂಜಿನ್ ಆಯಿಲ್ ಮೇಲೆ. ಟೆನ್ಷನರ್ ಕೂಡ ಬಹಳ ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಆಯಿಲ್ ಬದಲಾವಣೆ ತಪ್ಪಿಸಿದರೆ ಚೈನ್ ಉದ್ದ ಆಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಗಲಗಲ ಶಬ್ದ ಬಂದರೆ ತೋರಿಸಿ. ಆಯಿಲ್ ಒಳಗೇ ಓಡುವ ಬೆಲ್ಟ್ ಇರುವ ಎಂಜಿನ್‌ಗಳೂ ಇವೆ. ಅವಕ್ಕಂತೂ ಕಂಪನಿ ಹೇಳಿದ ಆಯಿಲ್ ಬಿಟ್ಟು ಬೇರೆ ಹಾಕಬೇಡಿ. ತಪ್ಪು ಆಯಿಲ್‌ನಲ್ಲಿ ಬೆಲ್ಟ್ ರಬ್ಬರ್ ಉದುರಿ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುತ್ತದೆ.

ಡೀಸೆಲ್‌ಪ್ರಿಯ
ಎಂಜಿನ್ ಆಯಿಲ್ ಪ್ರತಿ 5,000 ಕಿ.ಮೀ.ಗೆ ಬದಲಿಸಲೇಬೇಕು. ಈ 10,000, 15,000 ಎಲ್ಲ ಕಂಪನಿಯವರ ಜಾಹೀರಾತು. ಡಿಪ್‌ಸ್ಟಿಕ್ ತೆಗೆದು ನೋಡಿ, ಕಪ್ಪಗಿರುತ್ತದೆ.

ಕೈಪಿಡಿಓದುಗ
ಬಣ್ಣ ನೋಡಿ ಆಯಿಲ್ ಹಾಳಾಗಿದೆ ಅನ್ನೋಕೆ ಆಗೋದಿಲ್ಲ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೂಡ ಬೇಗ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳೋದೇ ಅದರ ಕೆಲಸ. 5,000 ಅನ್ನೋದು ಹಳೇ ಮಿನರಲ್ ಆಯಿಲ್ ಕಾಲದ ಲೆಕ್ಕ. ಈಗಿನ ಸಿಂಥೆಟಿಕ್‌ಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಅಂತ ಬಹಳ ಮ್ಯಾನ್ಯುಯಲ್‌ಗಳಲ್ಲಿದೆ.

ಡೀಸೆಲ್‌ಪ್ರಿಯ
ಕಂಪನಿಗೆ ವಾರಂಟಿ ಮುಗಿಯುವ ತನಕ ಎಂಜಿನ್ ಓಡಿದರೆ ಸಾಕು. ನನಗೆ ಅದರ ಮೇಲೂ ಓಡಬೇಕು.

ಸ್ಪ್ಯಾನರ್‌ಕೈ
ಇಬ್ಬರ ಮಾತಿನಲ್ಲೂ ಹುರುಳಿದೆ. ಮ್ಯಾನ್ಯುಯಲ್‌ನಲ್ಲೇ ಇನ್ನೊಂದು ಟೇಬಲ್ ಇರುತ್ತದೆ, ಜನ ಅದನ್ನು ನೋಡೋದೇ ಇಲ್ಲ. 'ಕಠಿಣ ಬಳಕೆ' ಅಂತ. ಬರೀ ಚಿಕ್ಕ ಚಿಕ್ಕ ಓಡಾಟ, ಟ್ರಾಫಿಕ್‌ನಲ್ಲಿ ನಿಂತೇ ಎಂಜಿನ್ ಓಡೋದು, ಧೂಳು, ಭಾರ ಎಳೆಯೋದು ಎಲ್ಲ ಅದರಲ್ಲಿ ಬರುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಮಾಡುತ್ತಿದ್ದರೆ ತೇವ ಮತ್ತು ಪೆಟ್ರೋಲ್ ಆಯಿಲ್‌ಗೆ ಸೇರುತ್ತವೆ, ಆವಿಯಾಗಿ ಹೋಗೋಕೆ ಸಮಯ ಸಿಗೋದಿಲ್ಲ. ಅಂಥವರು ಅರ್ಧ ದೂರಕ್ಕೇ ಬದಲಿಸಿದರೆ ಒಳ್ಳೆಯದು. ಹೆದ್ದಾರಿಯಲ್ಲೇ ಓಡುವ ಗಾಡಿಗೆ 5,000ಕ್ಕೆ ಬದಲಿಸೋದು ಒಳ್ಳೇ ಆಯಿಲ್ ಚೆಲ್ಲಿದ ಹಾಗೆ.

ಜೊತೆಗೆ ಮಟ್ಟ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ತಡವಾಗಿ ಬದಲಿಸಿದ ಎಂಜಿನ್‌ಗಿಂತ ಆಯಿಲ್ ಕಡಿಮೆ ಆಗಿ ಕೆಟ್ಟು ಕೂತ ಎಂಜಿನ್ ನಮ್ಮಲ್ಲಿಗೆ ಜಾಸ್ತಿ ಬರುತ್ತವೆ. ತಿಂಗಳಿಗೊಮ್ಮೆ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆ ದಾಟಿಸಿಯೂ ತುಂಬಬೇಡಿ.

ಮಳೆಹಾದಿ
ಎಂಜಿನ್ ಫ್ಲಶ್ ಮಾಡಿಸಿದರೆ ಒಳಗಿನ ಕೊಳೆ ಹೋಗುತ್ತದಲ್ವಾ? ಅದರಲ್ಲಿ ತಪ್ಪೇನು?

ಹಳೇಗಾಡಿ
ಕೊಳೆ ಹೋಗೋದು ಎಲ್ಲಿಗೆ ಅನ್ನೋದೇ ಪ್ರಶ್ನೆ. ಸಂಪಿನ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯ) ತಳದಲ್ಲಿ ಆಯಿಲ್ ಎಳೆಯುವ ಕೊಳವೆಗೆ ಒಂದು ಜಾಲರಿ ಇದೆ. ವರ್ಷಗಟ್ಟಲೆ ಅಂಟಿಕೊಂಡಿದ್ದ ಜಿಡ್ಡು ಒಂದೇ ಸಲ ಬಿಟ್ಟರೆ ಆ ಜಾಲರಿಯ ಕಣ್ಣುಗಳಿಗೆ ಮೆತ್ತಿಕೊಳ್ಳಬಹುದು. ಆಮೇಲೆ ಆಯಿಲ್ ಒತ್ತಡ ಬೀಳುತ್ತದೆ, ಬೇರಿಂಗ್ ಒಣಗುತ್ತದೆ. ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದ ಎಂಜಿನ್‌ನಲ್ಲಿ ತೊಳೆಯುವಷ್ಟು ಜಿಡ್ಡೇ ಇರೋದಿಲ್ಲ. ಆಯಿಲ್‌ನಲ್ಲೇ ಡಿಟರ್ಜೆಂಟ್ ಇದೆ.

ಲಾಂಗ್‌ಡ್ರೈವ್
ಅದಕ್ಕೇ ಹೇಳಿದ್ದು, ಬೇಡ ಅನ್ನಿ ಅಂತ.

ಮಳೆಹಾದಿ
ಸರಿ, ಒಪ್ಪಿದೆ. ಏರ್ ಫಿಲ್ಟರ್ ಕೊಳಕಾದರೆ ಮೈಲೇಜ್ ಇಳಿಯುತ್ತದೆ ಅನ್ನೋದಾದರೂ ನಿಜ ತಾನೆ?

ಕೈಪಿಡಿಓದುಗ
ಕಾರ್ಬ್ಯುರೇಟರ್ ಕಾಲದಲ್ಲಿ ನಿಜ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷೆ ಮಾಡಿತ್ತು. ಈಗಿನ ಫ್ಯೂಯಲ್ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಕಟ್ಟಿಕೊಂಡ ಫಿಲ್ಟರ್‌ನಿಂದ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಒಳಗೆ ಬಂದ ಗಾಳಿಯ ಲೆಕ್ಕಕ್ಕೆ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಇಳಿದದ್ದು ಎಳೆತ. ಪೂರ್ತಿ ಒತ್ತಿದಾಗ ವೇಗ ಪಡೆಯೋಕೆ ಹೊತ್ತು ಹಿಡಿಯಿತು. ಹಾಗಂತ ಫಿಲ್ಟರ್ ಬೇಡ ಅಂತಲ್ಲ, ಧೂಳು ಒಳಗೆ ಹೋದರೆ ಸಿಲಿಂಡರ್ ಗೀರುತ್ತದೆ. ಕಿ.ಮೀ. ನೋಡಿ, ಫಿಲ್ಟರನ್ನೂ ಹೊರಗೆ ತೆಗೆದು ನೋಡಿ, ಆಮೇಲೆ ತೀರ್ಮಾನಿಸಿ.

ಹೊಸಡ್ರೈವರ್
ಏರ್ ಗನ್‌ನಲ್ಲಿ ಊದಿ ಮತ್ತೆ ಹಾಕುತ್ತಾರಲ್ಲ, ಅದು ಸರಿಯಾ?

ಸ್ಪ್ಯಾನರ್‌ಕೈ
ಜೋರಾಗಿ ಊದಿದರೆ ಕಾಗದದಲ್ಲಿ ಸಣ್ಣ ತೂತು ಬೀಳಬಹುದು. ತಟ್ಟಿ ಧೂಳು ಕೊಡವಿ ಹಾಕಬಹುದು, ತೀರಾ ಕೊಳಕಾಗಿದ್ದರೆ ಹೊಸದೇ ಹಾಕಿ. ಎಸಿ ಫಿಲ್ಟರ್ ಬಹಳ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಡ್ರಾಯರ್ ಹಿಂದೆ ಇರುತ್ತದೆ. ಅಂಥದ್ದಾದರೆ ಡ್ರಾಯರ್ ಇಳಿಸಿ, ಮುಚ್ಚಳ ತೆಗೆದು, ಬಾಣದ ಗುರುತು ನೋಡಿ ಅದೇ ದಿಕ್ಕಿಗೆ ಹೊಸದು ತೂರಿಸಿ. ಇದಕ್ಕೆ ಲೇಬರ್ ಚಾರ್ಜ್ ಕೊಡೋದು ಬೇಕಿಲ್ಲ.

ಗಾಳಿಚಕ್ರ
ನೈಟ್ರೋಜನ್ ಬಿಡಬೇಡಿ, ನಾನು ಹಾಕಿಸುತ್ತೇನೆ. ಟೈರ್ ತಂಪಾಗಿರುತ್ತದೆ, ಗಾಳಿ ಇಳಿಯೋದೇ ಇಲ್ಲ.

ಕೈಪಿಡಿಓದುಗ
ಇಳಿಯುತ್ತದೆ. ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು ಒಂದು ವರ್ಷ ಇಟ್ಟು ನೋಡಿದ್ದರು. 30 ಪಿಎಸ್‌ಐ ತುಂಬಿದ ಟೈರ್‌ಗಳಲ್ಲಿ ಮಾಮೂಲಿ ಗಾಳಿ ಸರಾಸರಿ 3.5 ಇಳಿಯಿತು, ನೈಟ್ರೋಜನ್ 2.2. ವರ್ಷಕ್ಕೆ 1.3 ಪಿಎಸ್‌ಐ ವ್ಯತ್ಯಾಸ. ನಾವು ಉಸಿರಾಡುವ ಗಾಳಿಯಲ್ಲೇ ಸುಮಾರು 78% ನೈಟ್ರೋಜನ್ ಇದೆ. ತಿಂಗಳಿಗೊಮ್ಮೆ ಟೈರ್ ತಣ್ಣಗಿರುವಾಗ ಪ್ರೆಶರ್ ನೋಡಿದರೆ ಆ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ.

ಗಾಳಿಚಕ್ರ
ಕಡಿಮೆ ಇಳಿಯುತ್ತದೆ ಅಂತ ನೀವೇ ಒಪ್ಪಿದಿರಲ್ಲ. ಪುಕ್ಕಟೆ ಸಿಕ್ಕರೆ ಹಾಕಿಸೋದರಲ್ಲಿ ತಪ್ಪಿಲ್ಲ.

ಕೈಪಿಡಿಓದುಗ
ಪುಕ್ಕಟೆ ಆದರೆ ಧಾರಾಳವಾಗಿ ಹಾಕಿಸಿ. ಆದರೆ ನೈಟ್ರೋಜನ್ ಇದೆ ಅಂತ ಪ್ರೆಶರ್ ನೋಡೋದು ಬಿಡಬೇಡಿ. ಜನ ಮಾಡೋದು ಅದನ್ನೇ.

ಮಧ್ಯಮವೇಗ
ಅಲೈನ್‌ಮೆಂಟ್ ಬಗ್ಗೆ ಯಾರೂ ಹೇಳಲಿಲ್ಲ.

ಲಾಂಗ್‌ಡ್ರೈವ್
ನೇರ, ಸಮತಟ್ಟು ರಸ್ತೆಯಲ್ಲಿ ಗಾಡಿ ಒಂದು ಕಡೆಗೆ ಎಳೆದರೆ, ಸ್ಟೀರಿಂಗ್ ಸೊಟ್ಟ ನಿಂತರೆ, ಟೈರಿನ ಒಳ ಅಂಚೋ ಹೊರ ಅಂಚೋ ಮಾತ್ರ ಸವೆದಿದ್ದರೆ ಮಾಡಿಸಿ. ದೊಡ್ಡ ಗುಂಡಿಗೆ ಬಿದ್ದ ಮೇಲೆ, ಸಸ್ಪೆನ್ಷನ್ ಕೆಲಸದ ಮೇಲೆ ಕೂಡ. ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಅದು ಹೆಚ್ಚಾಗಿ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡೋದು) ವಿಷಯ, ಅಲೈನ್‌ಮೆಂಟ್ ಅಲ್ಲ. ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಟೈರ್ ರೊಟೇಶನ್ (ಟೈರ್ ಜಾಗ ಅದಲು ಬದಲು ಮಾಡೋದು) ಮಾತ್ರ ಸುಮಾರು 10,000 ಕಿ.ಮೀ.ಗೆ ಮಾಡಿಸಿ.

ಟೈರ್ ವಯಸ್ಸೂ ನೋಡಿ. ಪಕ್ಕದ ಗೋಡೆಯಲ್ಲಿ DOT ಅನ್ನುವ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೀರು ಇನ್ನೂ ಆಳ ಇದ್ದರೂ ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಸಿಗೋದಿಲ್ಲ.

ಹೊಸಡ್ರೈವರ್
ಎಸಿ ಗ್ಯಾಸ್ ವರ್ಷ ವರ್ಷ ತುಂಬಿಸಬೇಕಾ?

ಡೀಸೆಲ್‌ಪ್ರಿಯ
ಬೇಕಿಲ್ಲ. ಎಸಿ ಪೂರ್ತಿ ಮುಚ್ಚಿದ ವ್ಯವಸ್ಥೆ. ಗ್ಯಾಸ್ ಖರ್ಚಾಗುವ ವಸ್ತು ಅಲ್ಲ. ಕಡಿಮೆ ಆಗಿದ್ದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ.

ಸ್ಪ್ಯಾನರ್‌ಕೈ
ಬಹುಮಟ್ಟಿಗೆ ಸರಿ. ರಬ್ಬರ್ ಹೋಸ್, ಸೀಲುಗಳ ಮೂಲಕ ವರ್ಷಗಳಲ್ಲಿ ಒಂದಿಷ್ಟು ಹೋಗೋದು ಸಹಜ. ಆದರೆ ಹಿಂದಿನ ವರ್ಷ ತುಂಬಿ ಈ ವರ್ಷ ಮತ್ತೆ ಖಾಲಿ ಅಂದರೆ ಲೀಕ್ ಹುಡುಕಿಸಿ, ಸುಮ್ನೆ ತುಂಬಿಸುತ್ತಾ ಹೋಗಬೇಡಿ. ತಂಪು ಚೆನ್ನಾಗಿದ್ದರೆ ಮುಟ್ಟೋದೇ ಬೇಡ. ಗ್ಯಾಸ್ ಜಾಸ್ತಿ ಆದರೂ ತಂಪು ಕಡಿಮೆ ಆಗುತ್ತದೆ.

ವಿದ್ಯುತ್‌ರಥ
ಇದೆಲ್ಲ ಓದಿದರೆ ಎಲೆಕ್ಟ್ರಿಕ್ ತಗೊಂಡಿದ್ದೇ ಒಳ್ಳೇದಾಯಿತು ಅನ್ನಿಸುತ್ತದೆ. ಆಯಿಲ್ ಇಲ್ಲ, ಪ್ಲಗ್ ಇಲ್ಲ, ಬೆಲ್ಟ್ ಇಲ್ಲ.

ಹಳೇಗಾಡಿ
ಬ್ರೇಕ್ ಆಯಿಲ್ ಇದೆ, ಬಹಳ ಗಾಡಿಗಳಲ್ಲಿ ಬ್ಯಾಟರಿಗೆ ಕೂಲಂಟ್ ಇದೆ, ಎಸಿ ಫಿಲ್ಟರ್ ಇದೆ. ಭಾರ ಜಾಸ್ತಿ, ಎಳೆತ ಜಾಸ್ತಿ, ಹಾಗಾಗಿ ಟೈರ್ ಬೇಗ ಸವೆಯುತ್ತದೆ.

ವಿದ್ಯುತ್‌ರಥ
ಟೈರ್ ವಿಷಯ ನಿಜ. ಬ್ರೇಕ್ ಪ್ಯಾಡ್ ಮಾತ್ರ ಸವೆಯೋದೇ ಇಲ್ಲ ಅನ್ನಬಹುದು, ಮೋಟಾರೇ ಗಾಡಿ ನಿಧಾನ ಮಾಡುತ್ತದೆ. ಬಳಸದೇ ಡಿಸ್ಕ್ ತುಕ್ಕು ಹಿಡಿಯುತ್ತದೆ. ಅದಕ್ಕೆ ಆಗಾಗ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ಗಟ್ಟಿಯಾಗಿ ಬ್ರೇಕ್ ಹಾಕುತ್ತೇನೆ.

ಮಧ್ಯಮವೇಗ
ವಿಷಯ ಬೇರೆ ಕಡೆ ಹೋಗುತ್ತಿದೆ. ಕೂಲಂಟ್ ಹೇಳಿ. ಹಸಿರು ಬಣ್ಣದ್ದು ಇದೆ. ಬದಲಿಸಬೇಕಾ?

ಮಳೆಹಾದಿ
ಹಸಿರು ಅಂದರೆ ಹಳೇ ಮಾದರಿ, ಎರಡು ವರ್ಷಕ್ಕೆ ಬದಲಿಸಬೇಕು. ಕೆಂಪು ಐದು ವರ್ಷ ಬರುತ್ತದೆ.

ಕೈಪಿಡಿಓದುಗ
ಬಣ್ಣಕ್ಕೂ ಬಾಳಿಕೆಗೂ ಈಗ ಸಂಬಂಧ ಇಲ್ಲ. ಒಂದೊಂದು ಕಂಪನಿ ಒಂದೊಂದು ಬಣ್ಣ ಹಾಕುತ್ತದೆ. ಒಂದು ಗಾಡಿಗೆ ಮೊದಲ ಬದಲಾವಣೆ 1,60,000 ಕಿ.ಮೀ. ಅಥವಾ 10 ವರ್ಷಕ್ಕೆ, ಆಮೇಲೆ 80,000 ಕಿ.ಮೀ. ಅಥವಾ 5 ವರ್ಷಕ್ಕೆ ಅಂತ ಇರುತ್ತದೆ. ಇನ್ನೊಂದಕ್ಕೆ ಬಹಳ ಮೊದಲೇ. ನಿಮ್ಮ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ. ಎರಡು ಜಾತಿ ಬೆರೆಸಬೇಡಿ, ಬರೀ ನಲ್ಲಿ ನೀರು ತುಂಬಬೇಡಿ. ಕೂಲಂಟ್‌ನಲ್ಲಿ ತುಕ್ಕು ತಡೆಯುವ ರಾಸಾಯನಿಕ ಇರುತ್ತದೆ, ಅದು ತೀರಿದ ಮೇಲೆ ರೇಡಿಯೇಟರ್, ವಾಟರ್ ಪಂಪ್ ಕೊರೆಯೋಕೆ ಶುರುವಾಗುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ.

ಅಡ್ವೈಸರ್‌ಮಿತ್ರ
ಸರ್ವಿಸ್ ಡೆಸ್ಕ್‌ನಲ್ಲಿ ಕೂತವರ ಕಡೆಯಿಂದ ಒಂದು ಮಾತು. ಬಹಳ ಕಡೆ ತಿಂಗಳ ಟಾರ್ಗೆಟ್ ಇರುತ್ತದೆ, ಫ್ಲಶ್, ಕೋಟಿಂಗ್ ಅದರಲ್ಲೇ ಬರುತ್ತದೆ. ಆದರೆ ಗ್ರಾಹಕರೂ "ಆಯಿಲ್ ಬಿಟ್ಟು ಏನೂ ಬೇಡ" ಅಂತ ಬಂದು, ಬ್ರೇಕ್ ಪ್ಯಾಡ್ ಲೋಹಕ್ಕೆ ಬಂದಿದೆ ಅಂದರೂ ನಂಬೋದಿಲ್ಲ. ಬಿಚ್ಚಿದಾಗ ತೋರಿಸಿ ಅಂತ ಕೇಳಿ. ತೋರಿಸೋಕೆ ಒಪ್ಪದ ಜಾಗದಲ್ಲಿ ಗಾಡಿ ಬಿಡಬೇಡಿ. ಬೈಯೋದರಿಂದ ಏನೂ ಆಗೋದಿಲ್ಲ.

ಡೀಸೆಲ್‌ಪ್ರಿಯ
ಬೈದವರು ಯಾರು ಇಲ್ಲಿ? ಟಾರ್ಗೆಟ್ ಇದೆ ಅಂತ ನೀವೇ ಹೇಳಿದಿರಿ. ಅದಕ್ಕೇ ಜನ ಪ್ಯಾಡ್ ವಿಷಯವನ್ನೂ ನಂಬೋದಿಲ್ಲ. ಬೇಡದ್ದು ಹತ್ತು ಹೇಳಿದ ಬಾಯಿಂದ ಬೇಕಾದದ್ದು ಒಂದು ಬಂದರೆ ಹೇಗೆ ಗೊತ್ತಾಗಬೇಕು?

ಅಡ್ವೈಸರ್‌ಮಿತ್ರ
ಆ ಮಾತು ಒಪ್ಪುತ್ತೇನೆ.

ಮಧ್ಯಮವೇಗ
ಮ್ಯಾನ್ಯುಯಲ್ ನೋಡಿದೆ. ಆಯಿಲ್ ಮತ್ತು ಫಿಲ್ಟರ್ ಬದಲಿಸಬೇಕು. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ, ನನ್ನ ಬಿಲ್‌ಗಳಲ್ಲಿ ಈ ಎರಡು ವರ್ಷದಲ್ಲಿ ಎಲ್ಲೂ ಇಲ್ಲ, ಹಾಗಾಗಿ ಅದೂ ಆಗಲಿ. ಕೂಲಂಟ್‌ಗೆ ಇನ್ನೂ ಸಮಯ ಇದೆ. ಏರ್ ಫಿಲ್ಟರ್ ತೆಗೆದು ತೋರಿಸಿ ಅಂತೀನಿ. ಎಸಿ ಫಿಲ್ಟರ್ ನಾನೇ ಹಾಕಿಕೊಳ್ಳುತ್ತೇನೆ. ಉಳಿದದ್ದು ಬೇಡ. ಒಂದು ಅನುಮಾನ ಉಳಿದಿದೆ. ಆಟೊಮ್ಯಾಟಿಕ್ ಗೇರ್ ಆಯಿಲ್ ಪಟ್ಟಿಯಲ್ಲೇ ಇಲ್ಲ. ಕೇಳಿದರೆ 'ಲೈಫ್‌ಟೈಮ್, ಮುಟ್ಟೋದು ಬೇಡ' ಅಂದರು. ಮ್ಯಾನ್ಯುಯಲ್‌ನಲ್ಲಿ ಕಠಿಣ ಬಳಕೆ ಟೇಬಲ್‌ನಲ್ಲಿ ಮಾತ್ರ 80,000 ಅಂತ ಇದೆ.

ಲಾಂಗ್‌ಡ್ರೈವ್
ಕಂಪನಿ ಲೈಫ್‌ಟೈಮ್ ಅಂದರೆ ಬಿಡಿ. ಆಯಿಲ್ ಬದಲಿಸಿದ ಮೇಲೆ ಗೇರ್‌ಬಾಕ್ಸ್ ಜಾರೋಕೆ ಶುರುವಾದ ಕಥೆ ಬಹಳ ಕೇಳಿದ್ದೇನೆ.

ಸ್ಪ್ಯಾನರ್‌ಕೈ
ಇಲ್ಲಿ ನಾನು ಒಪ್ಪೋದಿಲ್ಲ. ಗೇರ್‌ಬಾಕ್ಸ್ ತಯಾರಿಸುವ ಜರ್ಮನಿಯ ಝಡ್‌ಎಫ್ ಕಂಪನಿಯೇ ತನ್ನ ಆಟೊಮ್ಯಾಟಿಕ್‌ಗಳಿಗೆ, ಓಡಿಸುವ ರೀತಿ ನೋಡಿಕೊಂಡು, 80,000ದಿಂದ 1,20,000 ಕಿ.ಮೀ. ಅಥವಾ ಎಂಟು ವರ್ಷದೊಳಗೆ ಬದಲಿಸಿ ಅನ್ನುತ್ತದೆ. ಅದೇ ಗೇರ್‌ಬಾಕ್ಸ್ ಹಾಕಿದ ಕೆಲವು ಕಾರ್ ಕಂಪನಿಗಳು ಲೈಫ್‌ಟೈಮ್ ಅಂದಿವೆ. ಆಯಿಲ್‌ಗೆ ಕ್ಲಚ್ ಪುಡಿ ಸೇರುತ್ತಲೇ ಇರುತ್ತದೆ, ಬಿಸಿಗೆ ಗುಣ ಕಳೆಯುತ್ತದೆ. ಜಾರೋಕೆ ಶುರುವಾದ ಕಥೆಗಳಲ್ಲಿ ಬಹಳಷ್ಟು, ಆಗಲೇ ಜಾರುತ್ತಿದ್ದ ಗೇರ್‌ಬಾಕ್ಸ್‌ಗೆ ಕೊನೇ ಉಪಾಯ ಅಂತ ಆಯಿಲ್ ಬದಲಿಸಿದವು.

ಟ್ರಾಫಿಕ್‌ನಲ್ಲೇ ಓಡೋದಾದರೆ ನಿಮಗೆ ಕಠಿಣ ಬಳಕೆ ಟೇಬಲ್ಲೇ ಲೆಕ್ಕ. ಈಗ 50,000, ಇನ್ನೂ ಸಮಯ ಇದೆ. ಮಾಡಿಸುವಾಗ ಮೆಷಿನ್ ಹಚ್ಚಿ ಒತ್ತಡದಲ್ಲಿ ಫ್ಲಶ್ ಮಾಡಿಸಬೇಡಿ. ಡ್ರೇನ್ ಮಾಡಿ, ಇಳಿದಷ್ಟೇ ತುಂಬಿಸಿ. ನಿಮ್ಮದು ಸಿವಿಟಿ (ಹಲ್ಲಿನ ಗೇರ್ ಬದಲು ಬೆಲ್ಟ್ ಮೇಲೆ ಓಡುವ ಆಟೊಮ್ಯಾಟಿಕ್) ಆಗಿದ್ದರೆ ಸಿವಿಟಿ ಆಯಿಲ್ಲೇ ಬೇಕು, ಸಾಮಾನ್ಯ ಆಟೊಮ್ಯಾಟಿಕ್ ಆಯಿಲ್ ಹಾಕಿದರೆ ಒಳಗಿನ ಬೆಲ್ಟ್ ಜಾರಿ ಹಾಳಾಗುತ್ತದೆ. ಮಟ್ಟವನ್ನು ಕಂಪನಿ ಹೇಳಿದ ಉಷ್ಣತೆಯಲ್ಲೇ ನೋಡಬೇಕು, ಆ ಉಷ್ಣತೆ ಓದುವ ಸ್ಕ್ಯಾನರ್ ಇದೆಯಾ ಅಂತ ಮೊದಲೇ ಕೇಳಿ.

ಮಧ್ಯಮವೇಗ
ಗೊತ್ತಾಯಿತು, 80,000ಕ್ಕೆ ಗುರುತು ಹಾಕಿಕೊಂಡೆ. ಸದ್ಯಕ್ಕೆ ಇಷ್ಟು ಹೇಳಿ ಕಳಿಸುತ್ತೇನೆ.

ಹಳೇಗಾಡಿ
ಎಂಜಿನ್ ಆಯಿಲ್ ಬದಲಿಸುವಾಗ ಡ್ರೇನ್ ಬೋಲ್ಟಿನ ವಾಷರ್ ಹೊಸದು ಹಾಕಿ ಅಂತ ಹೇಳಿ. ಹಳೇದೇ ಹಾಕಿದರೆ ತೊಟ್ಟಿಕ್ಕುತ್ತದೆ. ಬಿಲ್ಲಿನಲ್ಲಿ ಕಿ.ಮೀ., ತಾರೀಖು, ಹಾಕಿದ ಆಯಿಲ್‌ನ ಗ್ರೇಡ್ ಮೂರೂ ಬರೆಸಿಕೊಳ್ಳಿ.